ಖಲಫನ ಮಗ

ಮಿಶಾನ್ ಆ ಹುಡುಗನನ್ನು ಕೊಂದಾಗ ನಾನು ಬಾವಿಯ ತಳದಲ್ಲಿದ್ದೆ.

ಬಾವಿಗೆ ಇಳಿಯುವುದು ನನ್ನ ಕೆಲಸ. ಬೇಸಿಗೆಯಲ್ಲಿ ನೀರು ತಳ ಕಾಣುತ್ತದೆ. ಮೇಲಿನಿಂದ ಬಿಟ್ಟ ತೊಗಲಿನ ಚೀಲ ಮುಳುಗುವಷ್ಟೂ ಇರುವುದಿಲ್ಲ. ಆಗ ಯಾರಾದರೂ ಇಳಿಯಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಾಲಿನಿಂದ ಕಲ್ಲು ತಡಕುತ್ತ, ಕತ್ತಲಿಗೆ. ತಳದಲ್ಲಿ ಮೊಣಕಾಲುದ್ದ ಕೆಸರು. ಮರದ ಬಟ್ಟಲಿನಿಂದ ಬಾಚಿ ಬಾಚಿ ಚೀಲ ತುಂಬಬೇಕು. ಚೀಲ ಮೇಲೆ ಹೋಗುವಾಗ ಅರ್ಧ ನೀರು ತಲೆಯ ಮೇಲೆಯೇ ಸುರಿಯುತ್ತದೆ. ಮೇಲೆ ಒಂಟೆಗಳು ಬಾಯಾರಿ ಅರಚುತ್ತಿರುತ್ತವೆ. ಒಂದು ಒಂಟೆ ಕುಡಿಯಲು ನಿಂತರೆ ನಮ್ಮ ರಟ್ಟೆ ಬಿದ್ದುಹೋಗುತ್ತದೆ. ಸಂಜೆ ಮೇಲೆ ಬಂದಾಗ ಬೆರಳು ಮಡಚಲು ಬರುವುದಿಲ್ಲ. ನಮ್ಮ ಶುವೈಲ ಕುಲದ ಒಬ್ಬನೇ ಒಬ್ಬ ಗಂಡಸು ಆ ಬಾವಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಇಳಿಯುವುದು ಗುಲಾಮರ ಕೆಲಸ. ಕುಡಿಯುವುದು ಕುಲೀನರ ಕೆಲಸ.

ಅವತ್ತು ಮೇಲೆ ಜಗಳ ಕೇಳಿಸಿತು. ನಮ್ಮ ಬಾವಿಯಲ್ಲಿ ಪಾಲಿದ್ದ ದರ್ಮಾಕ ಕುಲದ ಹುಡುಗನೊಬ್ಬ ಸರದಿ ತನ್ನದು ಅನ್ನುತ್ತಿದ್ದ. ಅವನ ಮಾತು ಸರಿಯಾಗಿತ್ತು. ನನ್ನ ಕೈಯಲ್ಲಿದ್ದ ಚೀಲ ಅವರದೇ. ನಮ್ಮ ಶೇಖನ ಮಗ ಮಿಶಾನ್ ಅವನ ತಾಯಿಯನ್ನು ಎತ್ತಿ ಬೈದ. ಆಮೇಲೆ ಮಾತು ನಿಂತಿತು. ಬಾವಿಯ ಬಾಯಲ್ಲಿ ಕಾಣುತ್ತಿದ್ದ ಚೂರು ಆಕಾಶಕ್ಕೆ ಒಂದು ತಲೆ ಅಡ್ಡ ಬಂತು. ಒಂದು ಕೈ ಜೋತುಬಿತ್ತು. ನನ್ನ ಹಣೆಯ ಮೇಲೆ ಏನೋ ತೊಟ್ಟಿಕ್ಕಿತು. ಬಿಸಿಯಾಗಿತ್ತು.

ಮೇಲಿದ್ದವರೆಲ್ಲ ಓಡಿದರು. ನನ್ನನ್ನು ಎಳೆದುಕೊಳ್ಳಬೇಕೆಂದು ಯಾರಿಗೂ ನೆನಪಾಗಲಿಲ್ಲ. ನಾನೇ ಕಲ್ಲು ಹಿಡಿದು ಹತ್ತಿದೆ. ಸತ್ತ ಹುಡುಗನನ್ನು ದಾಟಿಕೊಂಡು ಡೇರೆಗೆ ಬಂದೆ.

ಸತ್ತವನ ಹೆಸರು ಹುಲೈಸ್. ದರ್ಮಾಕದ ಹಿರಿಯ ಶಲಾಶನಿಗೆ ಒಬ್ಬನೇ ಮಗ. ನಮ್ಮ ಶೇಖ್ ಬರ್ಜಸ್ ಹೆಣದ ಬೆಲೆ ಎಂದು ಒಂಟೆಗಳನ್ನು ಹೊಡೆಸಿ ಕಳಿಸಿದ. ಒಂಟೆಗಳು ಹೋದ ದಾರಿಯಲ್ಲೇ ವಾಪಸ್ಸು ಬಂದವು. ಒಂಟೆ ಹೆತ್ತವರು ಒಂಟೆ ತೆಗೆದುಕೊಳ್ಳಲಿ, ನಾನು ಹೆತ್ತದ್ದು ಮಗನನ್ನು, ಎಂದು ಶಲಾಶ್ ಹೇಳಿ ಕಳಿಸಿದ್ದ. ಜೀವಕ್ಕೆ ಜೀವವೇ ಬೇಕು. ಕೊಂದವನೇ ಆಗಬೇಕೆಂದೇನೂ ಇಲ್ಲ, ಬರ್ಜಸನ ಮನೆತನದ ರಕ್ತವಾದರೆ ಆಯಿತು. ಆದರೆ ಕಠಾರಿ ಕಟ್ಟಿದ ಗಂಡಸಾಗಿರಬೇಕು. ಹೆಂಗಸರು, ಮಕ್ಕಳು, ಗುಲಾಮರು ಲೆಕ್ಕಕ್ಕಿಲ್ಲ. ಮರಳುಗಾಡಿನ ಕಟ್ಟಳೆ ಇದು. ಇದನ್ನು ಮುರಿದವರಿಗೆ ಬಾವಿ ಇಲ್ಲ, ಹಾದಿ ಇಲ್ಲ, ಹೆಣ್ಣು ಕೊಡುವವರಿಲ್ಲ.

ಬರ್ಜಸನ ತಮ್ಮಂದಿರು ಸತ್ತು ಎಷ್ಟೋ ವರ್ಷವಾಗಿತ್ತು. ಉಳಿದವನು ಮಿಶಾನ್ ಒಬ್ಬ. ಬರ್ಜಸ್ ತಾನೇ ಹೋಗಬಹುದಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ನಾನು.

ನನಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಮಿಶಾನನಿಗೂ ಅಷ್ಟೇ. ಅವನು ಗಂಡಸಾದ ದಿನ ಕುರಿಗಳನ್ನು ಕೊಯ್ದಿದ್ದರು. ಸೊಂಟಕ್ಕೆ ಕಠಾರಿ ಕಟ್ಟಿ ಗಂಡಸರ ಸಾಲಿನಲ್ಲಿ ಕೂರಿಸಿದ್ದರು. ಅವನಿಗೆ ಕಾಫಿ ಹುಯ್ದವನು ನಾನು. ಕುಡಿದು ಬಟ್ಟಲು ಅಲ್ಲಾಡಿಸಿ ಸಾಕು ಎಂದ, ಹುಟ್ಟಿನಿಂದಲೂ ಗಂಡಸಾಗಿದ್ದವನ ಹಾಗೆ. ಆಮೇಲೆ ನನಗಿಂತ ಚಿಕ್ಕವರೂ ಒಬ್ಬೊಬ್ಬರಾಗಿ ಆ ಸಾಲಿಗೆ ಬಂದು ಕೂತರು. ನಾನು ಹುಯ್ಯುತ್ತಲೇ ಹೋದೆ. ನಮ್ಮಲ್ಲಿ ಅಂಬರ್ ಎಂಬ ಮುದುಕ ಗುಲಾಮನಿದ್ದ. ಗಡ್ಡ ಪೂರಾ ಬೆಳ್ಳಗೆ. ಸಾಯುವತನಕ ಅವನನ್ನು ‘ಏ ಹುಡುಗಾ’ ಎಂದೇ ಕರೆದರು. ಹುಡುಗನನ್ನಾಗಿಯೇ ಹೂತರು.

ನನ್ನ ಅಪ್ಪ ಯಾರೆಂದು ಕುಲಕ್ಕೆಲ್ಲ ಗೊತ್ತು. ಬರ್ಜಸನ ತಮ್ಮ ಖಲಫ್. ನನ್ನ ಅಮ್ಮ ಮಬ್ರೂಕಾ ಅವನ ಡೇರೆಯಲ್ಲಿ ಕೆಲಸಕ್ಕಿದ್ದಳು. ಕೆಲಸದಲ್ಲಿ ಅದೂ ಸೇರಿತ್ತು. ನನ್ನ ಮೂಗು ಖಲಫನದು, ಬಣ್ಣ ಅಮ್ಮನದು. ಜನ ಬಣ್ಣ ನೋಡಿದರು. ಇವನು ನನ್ನ ಮಗ ಎಂದು ಖಲಫ್ ನಾಲ್ಕು ಜನರ ಮುಂದೆ ಒಂದು ಮಾತು ಆಡಿದ್ದರೆ ಸಾಕಿತ್ತು. ಕಟ್ಟಳೆ ಅಷ್ಟನ್ನೇ ಕೇಳುತ್ತದೆ. ಅವನು ಆಡಲಿಲ್ಲ. ಸಿಡುಬು ಬಂದು ಸತ್ತ. ಅಮ್ಮ ಮಾತ್ರ ಕಾಯುತ್ತಲೇ ಇದ್ದಳು. ಸತ್ತವನ ಬಾಯಿಂದ ಬಾರದ್ದು ಅವನ ಅಣ್ಣನ ಬಾಯಿಂದಾದರೂ ಬಂದೀತು ಎಂದು. ಅವಳ ಆ ಆಸೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಮ್ಮಲ್ಲಿ ಗುಲಾಮರು ಒಡೆಯನನ್ನು ದೊಡ್ಡಪ್ಪ ಎಂದು ಕರೆಯಬೇಕು. ಮಾರಾಟವಾಗಿ ಬಂದವರಿಗೆ ಮೊದಲ ದಿನವೇ ಕಲಿಸುವ ಮಾತು ಅದು. ಒದೆ ತಿನ್ನುವಾಗಲೂ ‘ಸಾಕು ದೊಡ್ಡಪ್ಪಾ’ ಎನ್ನಬೇಕು. ನಾನೂ ಬರ್ಜಸನನ್ನು ಹಾಗೇ ಕರೆಯುತ್ತ ಬೆಳೆದೆ. ನನ್ನ ಬಾಯಲ್ಲಿ ಅದು ನಿಜವೂ ಆಗಿತ್ತು. ಆದರೆ ಹಾಗೆಂದು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ.

ಒಂಟೆಗಳು ವಾಪಸ್ಸು ಬಂದ ಮಾರನೆಯ ದಿನ ಬರ್ಜಸ್ ನನ್ನನ್ನು ಕರೆಸಿದ. ಡೇರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೂರು ಎಂದ. ನಾನು ಮರಳ ಮೇಲೆ ಕೂತೆ. ಅಲ್ಲಲ್ಲ, ಕಂಬಳಿ ಮೇಲೆ, ಎಂದ. ತಾನೇ ಕಾಫಿ ಹುಯ್ದು ಕೊಟ್ಟ. ಕುರಿಗೂ ಕೊಯ್ಯುವ ಮೊದಲು ನಾವು ನೀರು ಕುಡಿಸುತ್ತೇವೆ.

“ನೀನು ನನ್ನ ತಮ್ಮನ ಮಗ ಕಣಪ್ಪಾ ಮರ್ಜಾನ್,” ಎಂದ. “ಯಾವತ್ತೋ ಹೇಳ್ಬೇಕಾಗಿತ್ತು. ತಪ್ಪಾಯ್ತು.”

ಮಿಕ್ಕದ್ದನ್ನು ಕಾಫಿ ಹೂಜಿಯನ್ನೇ ನೋಡುತ್ತ ಹೇಳಿದ. ನಾಳೆ ದರ್ಮಾಕದವರು ಬರುತ್ತಾರೆ. ಅವರ ಮುಂದೆ ನನ್ನನ್ನು ಖಲಫನ ಮಗ ಎಂದು ಒಪ್ಪಿಕೊಳ್ಳುತ್ತಾನೆ. ತನ್ನ ಕೈಯಾರೆ ಕಠಾರಿ ಕಟ್ಟುತ್ತಾನೆ. ನಾನು ಗಂಡಸಾಗುತ್ತೇನೆ. ಆಮೇಲೆ ಅವರ ಜೊತೆ ಹೋಗಬೇಕು, ಹುಲೈಸನನ್ನು ಹೂತ ಜಾಗಕ್ಕೆ.

ವಾಪಸ್ಸು ಯಾವಾಗ ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ. ಅವನ ಬಾಯಿಂದ ಬರಲಿ ಎಂದು. ಅವನು ಮಿಶಾನ್ ತನಗೆ ಒಬ್ಬನೇ ಮಗ ಎಂದ. ಅಮ್ಮನಿಗೂ ನಾನು ಒಬ್ಬನೇ. ಅದನ್ನು ಹೇಳಿ ಬಾಯಿ ಸವೆಸಲಿಲ್ಲ. ಮಬ್ರೂಕಾಗೆ ಬಿಡುಗಡೆ ಕೊಡುತ್ತೇನೆ, ಅವಳದೇ ಡೇರೆ, ಹಾಲು ಕರೆಯುವ ಒಂಟೆ, ಎಲ್ಲರೂ ಅವಳನ್ನು ಖಲಫನ ಹೆಂಡತಿ ಎಂದೇ ಕರೆಯುವ ಹಾಗೆ ಮಾಡುತ್ತೇನೆ, ಎಂದ. ನಾನು ಒಪ್ಪದಿದ್ದರೆ ಎಂದು ಕೇಳಿದೆ.

“ಅವಳಿಗೂ ವಯಸ್ಸಾಗ್ತಾ ಬಂತು,” ಎಂದ ಬರ್ಜಸ್, ಮೆತ್ತಗೆ. “ಮುಂದಿನ ಬಾವಿಗೆ ಗುಳೆ ಹೊರಡೋವಾಗ ಎಲ್ರನ್ನೂ ಒಂಟೆ ಮೇಲೆ ಹತ್ತಿಸ್ಕೊಳ್ಳೋಕಾಗಲ್ಲ, ನೋಡು.”

ಓಡಿಹೋಗಬಹುದಿತ್ತಲ್ಲ ಎನ್ನುವವರು ಇಲ್ಲಿನ ಬೇಸಿಗೆ ಕಂಡವರಲ್ಲ. ಇಲ್ಲಿ ಪ್ರತಿ ಬಾವಿಗೂ ಒಂದು ಕುಲ ಇದೆ. ನೀರು ಕೇಳಿದವನನ್ನು ಮೊದಲು ಕೇಳುವುದೇ ನೀನು ಯಾರ ಮಗ ಎಂದು. ಉತ್ತರ ಇಲ್ಲದವನು ಬಾಯಾರಿ ಸಾಯುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ನನಗೆ ಬರೆ ಎಳೆಯುವ ಮೊದಲು ನೀನೂ ಎತ್ತೇ ಕಣಪ್ಪಾ ಎಂದು ಮೈ ಸವರುತ್ತಿದ್ದರು. ಆಗಲಿ ದೊಡ್ಡಪ್ಪಾ ಎಂದು ಎದ್ದು ಬಂದೆ. ಎಲ್ಲ ಮಾತಿಗೂ ನಾವು ಹೇಳುತ್ತಿದ್ದದ್ದು ಅದೇ.

ಮರುದಿನ ಬೆಳಿಗ್ಗೆ ಬರ್ಜಸನ ಮಗಳು ತರ್ಫಾ ನಮ್ಮ ಹರಕು ಡೇರೆಗೆ ಒಂದು ನಿಲುವಂಗಿ ತಂದಳು. ಖಲಫನದು, ಪೆಟ್ಟಿಗೆಯಲ್ಲಿ ಇಟ್ಟದ್ದು. ಕೈಗೆ ಕೊಡಲಿಲ್ಲ. ನಮ್ಮ ಕೈಗೆ ಅವರು ಏನನ್ನೂ ಕೊಡುವುದಿಲ್ಲ. ನೆಲದ ಮೇಲಿಟ್ಟು ಹೋದಳು. ಅಮ್ಮ ಅದನ್ನು ಎತ್ತಿ ಮೂಸಿದಳು, ನನಗೆ ತೊಡಿಸಿದಳು. ಬರ್ಜಸ್ ನನ್ನನ್ನು ಒಪ್ಪಿಕೊಳ್ಳುತ್ತಾನಂತೆ ಎನ್ನುವುದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಉಳಿದದ್ದನ್ನು ಯಾರೂ ಹೇಳಿರಲಿಲ್ಲ. ನನ್ನ ತಲೆಗೆ ತುಪ್ಪ ಸವರಿದಳು. ಬಾವಿಯ ಕೆಸರು ಕೂತ ಉಗುರುಗಳನ್ನು ಮುಳ್ಳಿನಿಂದ ಬಿಡಿಸಿದಳು.

“ನಾನ್ ಹೇಳ್ತಿರ್ಲಿಲ್ವಾ ಮಗಾ,” ಎಂದಳು. “ರಕ್ತ ಅನ್ನೋದು ಎಲ್ಲಿಗ್ ಹೋಗುತ್ತೆ? ಇವತ್ತಲ್ಲ ನಾಳೆ ಒಪ್ಕೊಳ್ಳೇಬೇಕು.”

ಸುಮ್ಮನಿರಬೇಕೆಂದಿದ್ದೆ. ಆಗಲಿಲ್ಲ. ಹೇಳಿಬಿಟ್ಟೆ. ಅವಳ ಕೈ ಕೂಡಲೇ ನಿಲ್ಲಲಿಲ್ಲ. ಇನ್ನೊಂದು ಉಗುರು ಬಿಡಿಸಿದಳು. ಆಮೇಲೆ ಮುಳ್ಳು ಕೆಳಗಿಟ್ಟಳು. ಬಿಚ್ಚೋ ಅದನ್ನ, ಎಂದಳು. ನಾನು ಡೇರೆಯ ಮಾತು, ಒಂಟೆಯ ಮಾತು, ಖಲಫನ ಹೆಂಡತಿ ಎನ್ನಿಸಿಕೊಳ್ಳುವ ಮಾತು ಹೇಳಿದೆ. ಅವಳು ನನ್ನ ಕೆನ್ನೆಗೆ ಬಾರಿಸಿದಳು. ನಾನು ಬೆಳೆದ ಮೇಲೆ ಅವಳು ಹೊಡೆದದ್ದು ಅದೇ.

“ನಿನ್ ಹೆಣದ್ ಮೇಲೆ ಗೂಟ ಹೊಡ್ದು ಡೇರೆ ಹಾಕ್ತಾರಾ? ಅದ್ರೊಳಗೆ ನಾನು ನಿದ್ದೆ ಮಾಡ್ಲಾ?”

ಅಷ್ಟರಲ್ಲಿ ಕರೆಯಲು ಜನ ಬಂದರು. ಅವಳು ನಿಲುವಂಗಿಯ ಅಂಚನ್ನು ಹಿಡಿದುಕೊಂಡೇ ಬಂದಳು. ಶೇಖನ ಡೇರೆಯ ಬಾಗಿಲಲ್ಲಿ ಅವಳನ್ನು ಹೆಂಗಸರ ಕಡೆಗೆ, ಪರದೆಯ ಆಚೆಗೆ ತಳ್ಳಿದರು.

ಡೇರೆ ತುಂಬಿತ್ತು. ಒಂದು ಕಡೆ ನಮ್ಮವರು. ನಮ್ಮವರು ಎಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ. ಎದುರಿಗೆ ದರ್ಮಾಕದವರು. ನಡುವೆ ಶಲಾಶ್. ಅವನ ಕಣ್ಣುಗಳು ಬತ್ತಿಹೋಗಿದ್ದವು. ಅವನ ಮುಂದಿಟ್ಟ ಕಾಫಿ ಹಾಗೇ ಆರುತ್ತಿತ್ತು. ಮಿಶಾನ್ ಕಾಣಲಿಲ್ಲ. ಎಲ್ಲೋ ತಂಪಾದ ಜಾಗದಲ್ಲಿ ಬಚ್ಚಿಟ್ಟಿದ್ದರು.

ಬರ್ಜಸ್ ನನ್ನ ಕೈ ಹಿಡಿದು ಎತ್ತಿದ. ಹಿಡಿಯುವ ಮೊದಲು ಒಂದು ಗಳಿಗೆ ತಡೆದ. ನನಗೆ ಗೊತ್ತಾಯಿತು. ಇವನು ನನ್ನ ತಮ್ಮ ಖಲಫನ ಮಗ, ನನ್ನ ರಕ್ತ, ದೇವರಾಣೆ, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನನ್ನ ಸೊಂಟಕ್ಕೆ ಕಠಾರಿ ಕಟ್ಟಿದ. ಪರದೆಯ ಆಚೆ ಸದ್ದಿಲ್ಲ. ಅಮ್ಮ ಜೀವಮಾನವೆಲ್ಲ ಕಾದ ಮಾತು ಅದು. ಅವಳಿಗೆ ಸಿಕ್ಕಿದ್ದು ಹೀಗೆ.

ನನ್ನನ್ನು ಗಂಡಸರ ಸಾಲಿನಲ್ಲಿ ಕೂರಿಸಿದರು. ಪಕ್ಕದವನು ತನ್ನ ಬಟ್ಟೆ ನನಗೆ ತಾಗದಂತೆ ಮಡಿಲಿಗೆ ಸೆಳೆದುಕೊಂಡ. ಯಾರೋ ನನಗೆ ಕಾಫಿ ಹುಯ್ದರು. ಕುಡಿದೆ. ರುಚಿ ಗೊತ್ತಾಗಲಿಲ್ಲ.

ಶಲಾಶ್ ನನ್ನನ್ನು ಅಳೆದು ನೋಡಿದ. ಬಣ್ಣ ಕಂಡ. ಅವನಿಗೆ ಅನುಮಾನ. ಬರ್ಜಸನನ್ನು ಬಿಟ್ಟು ನನ್ನನ್ನೇ ಕೇಳಿದ.

“ಇವರು ನಿನಗೆ ಏನಾಗ್ಬೇಕಪ್ಪಾ?”

ಬಾಯಿ ತೆರೆದೆ. ಇಷ್ಟು ವರ್ಷದ ಅಭ್ಯಾಸ ತಾನಾಗಿಯೇ ಹೊರಬಂತು.

“ದೊಡ್ಡಪ್ಪ,” ಎಂದೆ.

ಶಲಾಶ್ ತಲೆಯಾಡಿಸಿದ. ನಮ್ಮವರು ಉಸಿರು ಬಿಟ್ಟರು. ಆಗ ನನಗೇ ಆ ಮಾತು ಕೇಳಿಸಿತು. ಬೇರೆ ಯಾರೋ ನನ್ನ ಕಿವಿಯಲ್ಲಿ ಹೇಳಿದ ಹಾಗೆ. ದೊಡ್ಡಪ್ಪ. ಹೊಡೆಸಿಕೊಳ್ಳುವಾಗ ಕೂಗುವ ದೊಡ್ಡಪ್ಪ ಅಲ್ಲ. ಅಪ್ಪನ ಅಣ್ಣ. ಈಗಷ್ಟೇ ದೇವರ ಮೇಲೆ ಆಣೆ ಮಾಡಿ, ಎರಡು ಕುಲದ ಮುಂದೆ ಒಪ್ಪಿಕೊಂಡ ದೊಡ್ಡಪ್ಪ. ಅವನು ದೊಡ್ಡಪ್ಪನಾದರೆ ನನಗೆ ಬರಬೇಕಾದದ್ದು ಸಾವೊಂದೇ ಅಲ್ಲ. ಇನ್ನೂ ಒಂದಿದೆ.

ದರ್ಮಾಕದವರು ಏಳಲು ಹೊರಟಿದ್ದರು. ನಾನು ಕೂತೇ ಇದ್ದೆ.

“ದೊಡ್ಡಪ್ಪಾ, ನಂದೊಂದು ಕೇಳಿಕೆ ಇದೆ.”

“ಕೇಳು ಮಗಾ,” ಎಂದ ಬರ್ಜಸ್. ಜನರ ಮುಂದೆ ಇನ್ನೇನು ಹೇಳಿಯಾನು.

“ತರ್ಫಾನ ನಂಗೆ ಕೊಡಿ.”

ನಮ್ಮಲ್ಲಿ ಅಣ್ಣನ ಮಗಳ ಮೇಲೆ ತಮ್ಮನ ಮಗನಿಗೇ ಮೊದಲ ಹಕ್ಕು. ಮದುವಣಗಿತ್ತಿ ಒಂಟೆ ಹತ್ತಿ ಕೂತಿದ್ದರೂ ಅವನು ಬಂದು ಇಳಿಸಿಕೊಳ್ಳಬಹುದು. ಯಾರೂ ಅಡ್ಡ ಬರುವಂತಿಲ್ಲ. ತರ್ಫಾಗೆ ಇನ್ನೂ ಗಂಡು ಗೊತ್ತಾಗಿರಲಿಲ್ಲ. ಇದೆಲ್ಲ ಅಲ್ಲಿ ಕೂತಿದ್ದ ಒಬ್ಬೊಬ್ಬನಿಗೂ ತಾಯಿಯ ಹಾಲಿನ ಜೊತೆ ಬಂದ ಕಟ್ಟಳೆ. ನನಗೆ ಅವಳು ಬೇಕಿರಲಿಲ್ಲ. ಅವಳ ಮುಖವನ್ನು ನೆಟ್ಟಗೆ ನೋಡಿದವನೂ ಅಲ್ಲ ನಾನು. ಇವರು ಕಟ್ಟಿದ ಹಗ್ಗದ ಇನ್ನೊಂದು ತುದಿ ಇವರ ಕೈಗೇ ಬರಲಿ ಎಂದಷ್ಟೇ ನನಗಿತ್ತು.

ಸಾಲಿನಲ್ಲಿ ಒಬ್ಬ ನಕ್ಕ. “ಕಂಬಳಿ ಮೇಲೆ ಕೂರಿಸಿದ್ರೆ ಹಾಸಿಗೆಗೇ ಬಂದ,” ಎಂದ. ಇನ್ನೊಬ್ಬ ಒದೀರೋ ಅವನನ್ನ ಎಂದು ಗೊಣಗಿದ. ಒದೆಯಲು ಯಾರೂ ಏಳಲಿಲ್ಲ. ನಾನು ಶೇಖನ ತಮ್ಮನ ಮಗ. ಗಂಡಸು. ಅವರೇ ಮಾಡಿದ್ದು.

ಶಲಾಶ್ ಕೈ ಎತ್ತಿದ. ಅವನಿಗೆ ನನ್ನ ಮೇಲೆ ಕರುಣೆ ಏನೂ ಇರಲಿಲ್ಲ. ಬೇಗ ಮುಗಿಯಬೇಕಿತ್ತು, ಅಷ್ಟೇ.

“ಹುಡುಗ ಇಲ್ಲದ್ದೇನೂ ಕೇಳ್ಲಿಲ್ಲ, ಮಿಶಾನನ ಅಪ್ಪಾ. ತಮ್ಮನ ಮಗ ಅಂದ್ರಿ, ಆಣೆ ಇಟ್ರಿ. ಕೊಟ್ಟೆ ಅನ್ನಿ. ಬಾಯ್ಮಾತು ತಾನೆ. ಸಂಜೆಗೆ ಅವನೇ ಇರಲ್ಲ.”

ನಿಜ. ಬರ್ಜಸ್ ಕೊಟ್ಟೆ ಎಂದುಬಿಟ್ಟರೆ ಮುಗಿಯಿತು. ಅವನ ಮಗ ಉಳಿಯುತ್ತಾನೆ, ಅವನ ಮಾತು ಉಳಿಯುತ್ತದೆ, ನಾನು ಹೋಗುತ್ತೇನೆ. ಒಂದೇ ಒಂದು ಮಾತು. ಬರ್ಜಸನ ತುಟಿ ಅಲ್ಲಾಡಿತು. ನಾನು ಅವನ ತುಟಿಯನ್ನೇ ನೋಡುತ್ತಿದ್ದೆ.

ಪರದೆಯ ಆಚೆಯಿಂದ ಹೆಣ್ಣುದನಿ ಬಂತು. ತರ್ಫಾ. ಅಷ್ಟು ಗಂಡಸರ ನಡುವೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

“ಹೂಂ ಅನ್ನಿ ಅಪ್ಪಾ. ಅಣ್ಣ ಉಳೀಲಿ. ನಂಗೇನೂ ಆಗಲ್ಲ.”

ಸುಮ್ಮನಿರೇ ಎಂದು ಬರ್ಜಸ್ ಗದರಿದ. ಆ ದನಿ ಒಡೆದುಹೋಗಿತ್ತು. ಅವನು ನನ್ನನ್ನು ನೋಡಿದ. ನನ್ನ ಕೈ ನೋಡಿದ, ನನ್ನ ಮುಖ ನೋಡಿದ. ಅವನ ಕಣ್ಣೆದುರು ಏನು ಬಂತೋ ನನಗೆ ಗೊತ್ತು. ನಾಳೆಯಿಂದ ಮಗಳು ಗುಲಾಮನ ವಿಧವೆ. ಪ್ರತಿ ಬಾವಿಯ ಹತ್ತಿರವೂ ಜನ ಆ ಮಾತನ್ನೇ ಆಡಿಕೊಳ್ಳುತ್ತಾರೆ. ಮಿಶಾನ್ ಗುಲಾಮನ ಭಾವಮೈದ. ಬರ್ಜಸ್ ಗುಲಾಮನ ಮಾವ. ಇಷ್ಟು ಜನ ಕೇಳಿಸಿಕೊಂಡದ್ದನ್ನು ನನ್ನ ಜೊತೆ ಹೂಳಲು ಬರುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗನ ಜೀವ, ಇನ್ನೊಂದರಲ್ಲಿ ಒಂದು ಮಾತು. ನಾನು ಅದನ್ನು ನನ್ನ ಕಣ್ಣಾರೆ ಕಂಡೆ. ಮಾತೇ ತೂಗಿತು.

“ಇವನು ನನ್ನ ತಮ್ಮನ ಮಗ ಅಲ್ಲ,” ಎಂದ ಬರ್ಜಸ್.

ಪರದೆಯ ಕಡೆ ಕೈ ತೋರಿಸಿದ.

“ಆ ಹೆಂಗ್ಸು ಯಾರ್ಯಾರ ಪಕ್ಕದಲ್ಲಿ ಬಿದ್ಕೊಂಡಿದ್ಲೋ ದೇವರಿಗೇ ಗೊತ್ತು. ಇವನಿಗೆ ಅಪ್ಪ ಇಲ್ಲ. ಇವನು ಗುಲಾಮ. ಗುಲಾಮಳ ಹೊಟ್ಟೇಲಿ ಹುಟ್ಟಿದ ಗುಲಾಮ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಿತು. ಕೂತಲ್ಲೇ ಕುಸಿದ. ಶಲಾಶ್ ನಿಧಾನವಾಗಿ ಎದ್ದ. ನನ್ನ ಮಗನ ಹೆಣಕ್ಕೆ ಒಬ್ಬ ಗುಲಾಮನನ್ನು ತೂಗಿ ಕೊಡಲು ಕರೆಸಿದಿರಾ ಎಂದು ಕೇಳಿದ. ಆರಿದ ಕಾಫಿಯನ್ನು ಮರಳಿಗೆ ಚೆಲ್ಲಿದ. ಬಿಸಿಲು ಇಳಿಯುವ ಮೊದಲು ಮಿಶಾನ್ ಬರಬೇಕು, ಬಾರದಿದ್ದರೆ ನಾವೇ ಬಂದು ಹುಡುಕಿಕೊಳ್ಳುತ್ತೇವೆ, ಎಂದ. ಹೋಗುವಾಗ ನನ್ನ ಕಡೆ ಉಗುಳಿದ. ಅವನಿಗೂ ನಾನು ಅಷ್ಟೇ.

ಕಠಾರಿ ಬಿಚ್ಚಿ ಕಂಬಳಿಯ ಮೇಲಿಟ್ಟೆ. ಖಲಫನ ನಿಲುವಂಗಿ ಬಿಚ್ಚಿ ಅದರ ಮೇಲೆ ಹಾಕಿದೆ. ಬರಿಮೈಯಲ್ಲಿ ನಿಂತೆ. ಜೀವ ಉಳಿದಿತ್ತು. ಆದರೆ ನನಗೆ ತಲೆ ಎತ್ತಲು ಆಗಲಿಲ್ಲ. ಪರದೆಯ ಆಚೆ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಎರಡು ಕುಲದ ಗಂಡಸರ ಮುಂದೆ ಅವಳನ್ನು ಯಾರ್ಯಾರ ಪಕ್ಕದವಳೋ ಎನ್ನಿಸಿದವನು ನಾನು. ಅವಳ ಕೈಗೆ ಬಂದಿದ್ದ ಒಂದೇ ಮಾತನ್ನು ಕಸಿದು ಅವಳ ಮುಖಕ್ಕೇ ಎಸೆಸಿದ್ದೆ. ಇನ್ನು ಈ ಡೇರೆಗಳಲ್ಲಿ ಅವಳಿಗೆ ಒಂದು ಗುಟುಕು ನೀರೂ ಕೊಡುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಆಗ ಪರದೆಯ ಆಚೆಯಿಂದ ಕೂಗು ಎದ್ದಿತು. ಅಳು ಎಂದುಕೊಂಡೆ. ಅಳುವಲ್ಲ. ನಾಲಿಗೆ ಹೊರಳಿಸಿ ಹಾಕುವ ಕೂಗು ಅದು, ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಹೆಂಗಸರೆಲ್ಲ ಸೇರಿ ಹಾಕುತ್ತಾರೆ. ನಾನು ಹುಟ್ಟಿದಾಗ ಯಾರೂ ಹಾಕಿರಲಿಲ್ಲ. ಈಗ ಅಮ್ಮ ಒಬ್ಬಳೇ ಹಾಕುತ್ತಿದ್ದಳು. ಬರ್ಜಸ್ ಕೋಲು ಹಿಡಿದು ಆ ಕಡೆ ನುಗ್ಗಿದ. ನಾನೂ ಪರದೆ ಕಿತ್ತು ಒಳಗೆ ನುಗ್ಗಿದೆ. ಅವಳು ಮಾತ್ರ ಕೂಗು ನಿಲ್ಲಿಸಲಿಲ್ಲ.